ಕಲರ್ ಶೀಟಿಗೆ ತುಕ್ಕೇ ಹಿಡಿಯುವುದಿಲ್ಲವೇ? ಬಣ್ಣದ ಕೆಳಗೆ ಏನಿದೆ ಎಂದು ತಿಳಿದುಕೊಳ್ಳಿ

‘ಕಲರ್ ಶೀಟಿಗೆ ತುಕ್ಕು ಹಿಡಿಯುವುದೇ ಇಲ್ಲ.’ ‘ಮ್ಯಾಗ್ನೆಟ್ ಅಂಟಿದರೆ ಆ ಶೀಟು ನಕಲಿ.’ ‘ತಗಡಿನ ಛಾವಣಿಯೇ ಸಿಡಿಲನ್ನು ಕರೆಯುತ್ತದೆ.’ ಮನೆ ಕಟ್ಟುವವರ ವಾಟ್ಸಾಪ್ ಗುಂಪುಗಳಲ್ಲಿ ಇಂಥ ಮಾತುಗಳು ಓಡಾಡುತ್ತಲೇ ಇರುತ್ತವೆ. ಮೂರೂ ತಪ್ಪು. ಇವುಗಳಲ್ಲಿ ಮೊದಲನೆಯದು ಜೇಬಿಗೆ ನೇರವಾಗಿ ಹೊಡೆತ ಕೊಡುವಂಥದ್ದು. ಬಣ್ಣ ಚೆನ್ನಾಗಿದೆ ಎಂದು ಶೀಟು ತಂದು ಹೊದಿಸಿದವರ ಛಾವಣಿ ಕೆಲವೇ ಮಳೆಗಾಲಕ್ಕೆ ತೂತು ಬೀಳಬಹುದು. ನೋಡಲು ಅದೇ ಬಣ್ಣದ ಪಕ್ಕದ ಮನೆಯ ಶೀಟು ಇಪ್ಪತ್ತು ವರ್ಷ ಗಟ್ಟಿಯಾಗಿ ಕೂರಬಹುದು. ಆಯಸ್ಸಿನ ಬಹುಪಾಲು ನಿರ್ಧಾರವಾಗುವುದು ಕಣ್ಣಿಗೆ ಕಾಣುವ ಬಣ್ಣದಿಂದಲ್ಲ, ಅದರ ಕೆಳಗಿರುವ ಸತುವಿನಿಂದ.

ಕಾರ್ಖಾನೆಯಲ್ಲಿ ಏನು ನಡೆಯುತ್ತದೆ?

ನಾವು ಕಲರ್ ಶೀಟ್ ಎನ್ನುವುದಕ್ಕೆ ಕಾರ್ಖಾನೆಯವರು ಪಿಪಿಜಿಐ ಎನ್ನುತ್ತಾರೆ. ಮೊದಲೇ ಬಣ್ಣ ಹಚ್ಚಿದ, ಸತು ಲೇಪಿಸಿದ ಉಕ್ಕು ಎಂದು ಅದರ ಅರ್ಥ. ಇದು ಹುಟ್ಟುವುದು ಹಾಳೆಯಾಗಿ ಅಲ್ಲ, ಟನ್‌ಗಟ್ಟಲೆ ತೂಗುವ ಸುರುಳಿಯಾಗಿ. ತೆಳುವಾಗಿ ಲಟ್ಟಿಸಿದ ಉಕ್ಕಿನ ಪಟ್ಟಿಯನ್ನು ಸುಮಾರು 450 ಡಿಗ್ರಿ ಸೆಲ್ಸಿಯಸ್ ಬಿಸಿಯ ಕರಗಿದ ಸತುವಿನ ತೊಟ್ಟಿಯಲ್ಲಿ ಮುಳುಗಿಸಿ ಎತ್ತುತ್ತಾರೆ. ತೊಟ್ಟಿಯಿಂದ ಮೇಲೆ ಬರುವಾಗ ಗಾಳಿಯ ಚೂಪು ಧಾರೆ ಹೆಚ್ಚಿನ ಸತುವನ್ನು ಒರೆಸಿಹಾಕುತ್ತದೆ. ಎಷ್ಟು ಒರೆಸುತ್ತಾರೆ, ಎಷ್ಟು ಉಳಿಸುತ್ತಾರೆ ಎನ್ನುವಲ್ಲೇ ಶೀಟಿನ ಜಾತಕ ಬರೆದಾಗುತ್ತದೆ.

ಬಣ್ಣ ಹಚ್ಚುವುದು ಆಮೇಲೆ. ಸುರುಳಿಯನ್ನು ಬಿಚ್ಚಿ, ಎಣ್ಣೆ ಜಿಡ್ಡು ತೊಳೆದು, ಬಣ್ಣ ಕಚ್ಚಿಕೊಳ್ಳಲು ಒಂದು ರಾಸಾಯನಿಕ ಪೊರೆ ಕೊಟ್ಟು, ರೋಲರ್‌ಗಳಿಂದ ಪ್ರೈಮರ್ ಹಚ್ಚಿ ಒಲೆಯಲ್ಲಿ ಬೇಯಿಸುತ್ತಾರೆ. ನಂತರ ಮೇಲ್ಬಣ್ಣ ಹಚ್ಚಿ ಮತ್ತೊಮ್ಮೆ ಬೇಯಿಸುತ್ತಾರೆ. ಒಲೆಯಲ್ಲಿ ತಗಡು 200 ಡಿಗ್ರಿಗೂ ಹೆಚ್ಚು ಕಾಯುತ್ತದೆ. ಬಳಿಕ ತಣಿಸಿ ಮತ್ತೆ ಸುರುಳಿ ಸುತ್ತುತ್ತಾರೆ. ಒಂದು ಸುರುಳಿಯ ಬಾಲಕ್ಕೆ ಇನ್ನೊಂದರ ತಲೆಯನ್ನು ಹೊಲಿದು ಸೇರಿಸುವುದರಿಂದ ಈ ಸಾಲು ನಿಲ್ಲುವುದೇ ಇಲ್ಲ. ಹೀಗೆ ಸುರುಳಿಗೇ ಬಣ್ಣ ಹಚ್ಚುವ ವಿಧಾನ 1930ರ ದಶಕದಲ್ಲಿ ಅಮೆರಿಕದಲ್ಲಿ ಶುರುವಾದದ್ದು ಕಿಟಕಿಗೆ ಹಾಕುವ ವೆನೀಷಿಯನ್ ಬ್ಲೈಂಡ್‌ನ ಪಟ್ಟಿಗಳಿಗಾಗಿ!

ಈ ಸುರುಳಿಯನ್ನು ಊರಿನ ಶೀಟ್ ಅಂಗಡಿಯವರು ಅಥವಾ ದೊಡ್ಡ ವ್ಯಾಪಾರಿಗಳು ತರಿಸಿಕೊಂಡು, ಮಷೀನಿನಲ್ಲಿ ಏರುತಗ್ಗಿನ ಆಕಾರ ಕೊಟ್ಟು, ನಿಮಗೆ ಬೇಕಾದ ಉದ್ದಕ್ಕೆ ಕತ್ತರಿಸಿ ಕೊಡುತ್ತಾರೆ. ಛಾವಣಿಗೆ ಮಾತ್ರವಲ್ಲ, ಫ್ರಿಜ್ಜು, ವಾಷಿಂಗ್ ಮಷೀನಿನ ಹೊರಮೈ, ರೋಲಿಂಗ್ ಶಟರ್, ಕೋಲ್ಡ್ ಸ್ಟೋರೇಜಿನ ಗೋಡೆ, ಫಾಲ್ಸ್ ಸೀಲಿಂಗ್ ಇವಕ್ಕೆಲ್ಲ ಬಳಕೆಯಾಗುವುದೂ ಇದೇ ಬಗೆಯ ಉಕ್ಕು.

ಸತು ಮಾಡುವ ಕೆಲಸ

ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುವುದು ನಮಗೆ ಗೊತ್ತು. ಅಲ್ಲಿ ತವರದ ಪದರ ಹೊದಿಕೆಯಂತೆ ಮುಚ್ಚಿಕೊಂಡಿರುತ್ತದೆ. ಹೊದಿಕೆ ಹರಿದರೆ ರಕ್ಷಣೆ ಮುಗಿಯಿತು. ಉಕ್ಕಿನ ಮೇಲಿನ ಸತು ಹಾಗಲ್ಲ. ನೀರು, ಗಾಳಿ ತಗುಲಿದಾಗ ಎಲೆಕ್ಟ್ರಾನ್ ಬಿಟ್ಟುಕೊಡುವ ಆತುರ ಕಬ್ಬಿಣಕ್ಕಿಂತ ಸತುವಿಗೆ ಹೆಚ್ಚು. ಎರಡೂ ಒಟ್ಟಿಗಿದ್ದರೆ ಸತು ತಾನು ಮೊದಲು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಶೀಟಿನ ಮೇಲೆ ಸಣ್ಣ ಗೀರು ಬಿದ್ದರೂ, ಕತ್ತರಿಸಿದ ಅಂಚಿನಲ್ಲಿ ಉಕ್ಕು ಬರಿದಾಗಿ ಕಂಡರೂ ಅಲ್ಲಿ ತಕ್ಷಣ ತುಕ್ಕು ಹಬ್ಬದಿರುವುದು ಇದೇ ಕಾರಣಕ್ಕೆ. 1742ರಲ್ಲೇ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಮಲುವಾಂ ಕಬ್ಬಿಣವನ್ನು ಕರಗಿದ ಸತುವಿನಲ್ಲಿ ಅದ್ದುವ ವಿಧಾನವನ್ನು ವಿವರಿಸಿದ್ದ. 1837ರಲ್ಲಿ ಅದೇ ದೇಶದ ಸೊರೆಲ್ ಇದಕ್ಕೆ ಪೇಟೆಂಟ್ ಪಡೆದ.

ಹಾಗಾದರೆ ಬಣ್ಣವೇಕೆ? ಸತು ಬೇಗ ಸವೆಯದಂತೆ ನೀರು ಬಿಸಿಲನ್ನು ತಡೆಯಲು. ಆದರೆ ಎಂಥ ಬಣ್ಣವೂ ನೀರಾವಿಯನ್ನು ಪೂರ್ತಿ ತಡೆಯುವುದಿಲ್ಲ. ಸಾಮಾನ್ಯ ಶೀಟಿನಲ್ಲಿ ಮೇಲ್ಮೈಯ ಬಣ್ಣವೆಲ್ಲ ಸೇರಿ 25 ಮೈಕ್ರಾನ್ ಆಸುಪಾಸು, ತಲೆಕೂದಲಿನ ದಪ್ಪದ ಅರ್ಧಕ್ಕಿಂತ ಕಡಿಮೆ. ಕೆಳಮೈಯ ಬಣ್ಣ ಇನ್ನೂ ತೆಳು. ಕೆಲವು ವರ್ಷಗಳ ಬಳಿಕ ಶೀಟನ್ನು ಉಜ್ಜಿದರೆ ಬೆರಳಿಗೆ ಹಿಟ್ಟಿನಂತೆ ಬಣ್ಣ ಅಂಟುತ್ತದೆ. ಅದು ಬಿಸಿಲಿನ ಅತಿನೇರಳೆ ಕಿರಣದ ಕೆಲಸ, ತುಕ್ಕಲ್ಲ, ಹೆದರಬೇಕಿಲ್ಲ. ಅಗ್ಗದ ಪಾಲಿಯೆಸ್ಟರ್ ಬಣ್ಣದಲ್ಲಿ ಇದು ಬೇಗ ಆಗುತ್ತದೆ, ಪಿವಿಡಿಎಫ್ ಎನ್ನುವ ದುಬಾರಿ ಬಣ್ಣದಲ್ಲಿ ತುಂಬ ತಡವಾಗಿ.

ಮೋಸ ಹೋಗುವುದು ಎಲ್ಲಿ?

ಅಂಗಡಿಯಲ್ಲಿ ಕೇಳಬೇಕಾದ ಸಂಖ್ಯೆಗಳು ಎರಡು. ಒಂದು, ಸತುವಿನ ತೂಕ. ಇದನ್ನು ಒಂದು ಚದರ ಮೀಟರಿಗೆ ಇಷ್ಟು ಗ್ರಾಂ, ಅಂದರೆ ಜಿಎಸ್‌ಎಂ ಲೆಕ್ಕದಲ್ಲಿ ಹೇಳುತ್ತಾರೆ. ನೆನಪಿಡಿ, ಇದು ಎರಡೂ ಮೈ ಸೇರಿಸಿದ ತೂಕ. 120 ಜಿಎಸ್‌ಎಂ ಎಂದರೆ ಒಂದು ಮೈಗೆ 60 ಗ್ರಾಂ, ದಪ್ಪ ಸುಮಾರು 8 ಮೈಕ್ರಾನ್. 275 ಜಿಎಸ್‌ಎಂ ಇದ್ದರೆ ಒಂದು ಮೈಗೆ 19 ಮೈಕ್ರಾನ್. ಬಯಲುಸೀಮೆಯ ಒಣ ಹವೆಯಲ್ಲಿ ಬರಿದಾದ ಸತು ವರ್ಷಕ್ಕೆ ಒಂದು ಮೈಕ್ರಾನ್‌ಗಿಂತ ಕಡಿಮೆ ಸವೆದರೆ, ಸಮುದ್ರದ ಉಪ್ಪುಗಾಳಿ ಬಡಿಯುವ ಕಡೆ ಅದರ ಹಲವು ಪಟ್ಟು ಸವೆಯಬಹುದು. ತುಮಕೂರಿನಲ್ಲಿ ಸಾಕಾದ ಶೀಟು ಕಾರವಾರದ ಕಡಲ ದಂಡೆಗೆ ಸಾಲದು ಎನ್ನುವುದು ಇದಕ್ಕೇ.

ಎರಡನೆಯದು ಉಕ್ಕಿನ ದಪ್ಪ. ‘0.50 ಎಂಎಂ ಶೀಟು’ ಎಂದಾಗ ಅದು ಬಣ್ಣ, ಸತು ಎಲ್ಲ ಸೇರಿದ ದಪ್ಪವೋ ಬರೀ ಉಕ್ಕಿನ ದಪ್ಪವೋ ಎಂದು ಕೇಳಿ. 0.50ರ ಶೀಟಿನಲ್ಲಿ ಲೇಪನಗಳನ್ನು ಕಳೆದರೆ ಉಕ್ಕು ಸುಮಾರು 0.45 ಮಿ.ಮೀ. ಉಳಿಯುತ್ತದೆ. ಇದು ಮೋಸವಲ್ಲ, ವ್ಯಾಪಾರದ ರೂಢಿ. ಮೋಸವೆಂದರೆ ಬಿಲ್ಲಿನಲ್ಲಿ 0.50 ಬರೆದು ಅದಕ್ಕಿಂತ ತೆಳುವಾದದ್ದನ್ನು ಲಾರಿಗೆ ತುಂಬುವುದು. ‘26 ಗೇಜ್’ ಎಂದು ಹೇಳಿದರೆ ಒಪ್ಪಬೇಡಿ. ಬ್ರಿಟಿಷ್ ಪದ್ಧತಿಯಲ್ಲಿ 26 ಗೇಜ್ ಎಂದರೆ 0.457 ಮಿ.ಮೀ., ಅಮೆರಿಕದಲ್ಲಿ ಸತು ಲೇಪಿತ ತಗಡಿಗೆ ಬಳಸುವ ಪಟ್ಟಿಯಲ್ಲಿ 0.55 ಮಿ.ಮೀ. ಮಿಲಿಮೀಟರಿನಲ್ಲೇ ಬರೆಸಿಕೊಳ್ಳಿ.

ಪರೀಕ್ಷಿಸಲು ತಕ್ಕಡಿ ಸಾಕು. ಸುರುಳಿಯ ಅಗಲ ಸಾಮಾನ್ಯವಾಗಿ 1220 ಮಿ.ಮೀ. ಇರುತ್ತದೆ (ಏರುತಗ್ಗು ಬಿದ್ದ ಮೇಲೆ ಮೂರೂವರೆ ಅಡಿಯಷ್ಟು ಉಳಿಯುತ್ತದೆ, ತೂಕ ಮಾತ್ರ ಅದೇ). ಉಕ್ಕಿನ ಸಾಂದ್ರತೆ ಘನ ಸೆಂಟಿಮೀಟರಿಗೆ 7.85 ಗ್ರಾಂ. ಈ ಲೆಕ್ಕದಲ್ಲಿ 0.45 ಮಿ.ಮೀ. ಉಕ್ಕಿರುವ 10 ಅಡಿ ಉದ್ದದ ಶೀಟು, 120 ಜಿಎಸ್‌ಎಂ ಸತು ಮತ್ತು ಬಣ್ಣ ಸೇರಿ ಸುಮಾರು 13.8 ಕೆ.ಜಿ. ತೂಗಬೇಕು. ಉಕ್ಕು 0.40 ಇದ್ದರೆ 12.3 ಕೆ.ಜಿ. ಆಗುತ್ತದೆ. 11 ಕೆ.ಜಿ.ಯೂ ತೂಗದಿದ್ದರೆ ಒಳಗಿರುವುದು 0.35 ಅಷ್ಟೆ. ಒಂದು ಶೀಟು ತೂಗುವ ಬದಲು ಹತ್ತು ಶೀಟು ಒಟ್ಟಿಗೆ ತೂಗಿಸಿದರೆ ಲೆಕ್ಕ ಇನ್ನೂ ನಿಖರ. ದಪ್ಪ ಸರಿಯಿದ್ದರೂ ಸತು ಕಡಿಮೆಯಿದೆಯೇ ಎಂಬುದು ತಕ್ಕಡಿಗೆ ಸಿಗುವುದಿಲ್ಲ. ಅದಕ್ಕೆ ಶೀಟಿನ ಹಿಂಬದಿಯ ಮುದ್ರಣ ನೋಡಿ. ಬಣ್ಣದ ಸತು ಶೀಟಿನ ಭಾರತೀಯ ಮಾನಕ ಐಎಸ್ 14246. ಐಎಸ್‌ಐ ಗುರುತಿನ ಜೊತೆಗಿರುವ ಲೈಸೆನ್ಸ್ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅದು ಯಾರದ್ದು, ಚಾಲ್ತಿಯಲ್ಲಿದೆಯೇ ಎಂದು ಫೋನಿನಲ್ಲೇ ತಿಳಿಯುತ್ತದೆ.

ಇನ್ನು ಮ್ಯಾಗ್ನೆಟ್ ಪರೀಕ್ಷೆ. ಒಳಗಿರುವುದು ಉಕ್ಕು, ಹಾಗಾಗಿ ಅಸಲಿಗೂ ಅಂಟುತ್ತದೆ, ಕಳಪೆಗೂ ಅಂಟುತ್ತದೆ. ಅಂಟದಿದ್ದರೆ ಅದು ಅಲ್ಯೂಮಿನಿಯಂ ಶೀಟು, ಬೇರೆಯೇ ವಸ್ತು. ‘ಗ್ಯಾಲ್ವಲ್ಯೂಮ್’ ಎಂದು ಮಾರುವುದೂ ಉಕ್ಕೇ. ಅದರ ಲೇಪನದಲ್ಲಿ ಶೇ 55ರಷ್ಟು ಅಲ್ಯೂಮಿನಿಯಂ, ಶೇ 43ರಷ್ಟು ಸತು, ಉಳಿದದ್ದು ಸಿಲಿಕಾನ್. ತೆರೆದ ಛಾವಣಿಗೆ ಇದು ಹೆಚ್ಚು ಬಾಳುತ್ತದೆ, ಆದರೆ ದನದ ಕೊಟ್ಟಿಗೆಗೆ, ಕೋಳಿ ಶೆಡ್ಡಿಗೆ ಒಳ್ಳೆಯ ಆಯ್ಕೆಯಲ್ಲ. ಗಂಜಲ, ಹಿಕ್ಕೆಗಳಿಂದ ಏಳುವ ಅಮೋನಿಯಾ ಲೇಪನವನ್ನು ಕೆಳಗಿನಿಂದ ತಿನ್ನುತ್ತದೆ, ಬಣ್ಣ ತೆಳುವಿರುವುದೂ ಅಲ್ಲೇ. ಯಾವ ಶೀಟು ಹಾಕಿದರೂ ಕೊಟ್ಟಿಗೆಯಲ್ಲಿ ಗಾಳಿಯಾಡುವಂತೆ ಬಿಡಿ.

ಒಳ್ಳೆಯ ಶೀಟನ್ನು ನಾವೇ ಕೆಡಿಸುವ ಬಗೆ

ನನ್ನ ಪ್ರಕಾರ ಶೀಟಿನ ದೊಡ್ಡ ಶತ್ರು ಮಳೆಯಲ್ಲ, ಆ್ಯಂಗಲ್ ಗ್ರೈಂಡರ್. ಅದರಲ್ಲಿ ಕತ್ತರಿಸಿದರೆ ಅಂಚಿನ ಸತುವೂ ಬಣ್ಣವೂ ಸುಟ್ಟುಹೋಗುತ್ತವೆ. ಕಿಡಿಯಾಗಿ ಹಾರಿದ ಉಕ್ಕಿನ ಪುಡಿ ಶೀಟಿನ ಮೇಲೆ ಕುಳಿತು ಮೊದಲ ಮಳೆಗೇ ಕೆಂಪು ಚುಕ್ಕೆಗಳಾಗುತ್ತದೆ. ತಗಡಿನ ಕತ್ತರಿ ಅಥವಾ ನಿಬ್ಲರ್ ಬಳಸಲು ಹೇಳಿ. ಡ್ರಿಲ್ ಮಾಡಿದ ಪುಡಿಯನ್ನು ಅದೇ ದಿನ ಸಂಜೆಯೊಳಗೆ ಗುಡಿಸಿ ತೆಗೆಯಿರಿ. ಸ್ಕ್ರೂವನ್ನು ಅತಿಯಾಗಿ ಬಿಗಿದರೆ ರಬ್ಬರ್ ವಾಷರ್ ಹೊರಗೆ ಉಬ್ಬಿ, ಕೆಲ ವರ್ಷದಲ್ಲಿ ಸೀಳಿ, ಸೋರಿಕೆ ಅಲ್ಲಿಂದಲೇ ಶುರುವಾಗುತ್ತದೆ.

ಸೋಲಾರ್ ವಾಟರ್ ಹೀಟರಿನ ಅಥವಾ ಏಸಿಯ ತಾಮ್ರದ ಕೊಳವೆಯಿಂದ ನೀರು ಶೀಟಿನ ಮೇಲೆ ತೊಟ್ಟಿಕ್ಕುತ್ತಿದೆಯೇ ನೋಡಿ. ನೀರಿನಲ್ಲಿ ಬಂದ ಅತ್ಯಲ್ಪ ತಾಮ್ರವೂ ಸತುವನ್ನು ವೇಗವಾಗಿ ಸವೆಸುತ್ತದೆ. ಹಸಿ ಸಿಮೆಂಟು ಬಿದ್ದರೆ ಒಣಗುವ ಮುನ್ನ ತೊಳೆಯಿರಿ. ಮಲೆನಾಡು, ಕರಾವಳಿಯಲ್ಲಿ ಮಳೆಗೆ ಮುಂಚೆ ಶೀಟು ತಂದು ಅಂಗಳದಲ್ಲಿ ಪೇರಿಸಿಡುವುದು ರೂಢಿ. ಎರಡು ಶೀಟಿನ ನಡುವೆ ನೀರು ಸಿಕ್ಕಿಕೊಂಡರೆ ಬಿಳಿ ಪುಡಿಯಂಥ ‘ಬಿಳಿ ತುಕ್ಕು’ ಏಳುತ್ತದೆ. ಅದು ಸತು ಖರ್ಚಾಗುತ್ತಿರುವ ಗುರುತು. ಛಾವಣಿ ಏರುವ ಮುನ್ನವೇ ಆಯಸ್ಸು ಕಡಿಮೆಯಾದಂತೆ. ಸ್ವಲ್ಪ ಓರೆಯಾಗಿ, ನೆಲದಿಂದ ಎತ್ತರದಲ್ಲಿ, ಸೂರಿನಡಿ ಇಡಿ. ಮೇಲಿನ ಪ್ಲಾಸ್ಟಿಕ್ ಪೊರೆಯನ್ನು ಹೊದಿಸುವಾಗಲೇ ಕಿತ್ತುಬಿಡಿ. ಬಿಸಿಲಿಗೆ ಬೆಂದರೆ ಆಮೇಲೆ ಬರುವುದಿಲ್ಲ.

ಬಣ್ಣದ ಆಯ್ಕೆಗೂ ಒಂದು ಮಾತು. ಬಿಳಿ, ತಿಳಿ ಬಣ್ಣದ ಶೀಟು ಬಿಸಿಲನ್ನು ಹೆಚ್ಚು ಹಿಂದಕ್ಕೆ ಕಳಿಸುತ್ತದೆ. ಬಣ್ಣವಿಲ್ಲದ ಹೊಳೆಯುವ ತಗಡೂ ಬೆಳಕನ್ನು ಪ್ರತಿಫಲಿಸುತ್ತದಾದರೂ, ಹೀರಿದ ಬಿಸಿಯನ್ನು ಹೊರಸೂಸುವ ಗುಣ ಅದಕ್ಕೆ ಕಡಿಮೆ. ಹಾಗಾಗಿ ಬಿಳಿ ಬಣ್ಣದ ಶೀಟಿಗಿಂತ ಅದೇ ಹೆಚ್ಚು ಕಾಯುತ್ತದೆ.

ಸಿಡಿಲು, ಕ್ಯಾನ್ಸರ್ ಎಂಬ ಭಯಗಳು

ಸಿಡಿಲು ಎಲ್ಲಿ ಬಡಿಯುತ್ತದೆ ಎನ್ನುವುದಕ್ಕೆ ಎತ್ತರ ಮತ್ತು ಒಂಟಿಯಾಗಿ ನಿಂತಿರುವುದು ಮುಖ್ಯ, ಲೋಹವೇ ಎನ್ನುವುದಲ್ಲ. ತೆಂಗಿನ ಮರದಲ್ಲಿ ಲೋಹವೆಲ್ಲಿದೆ? ಆದರೆ ಬರೀ ಕಂಬದ ಮೇಲೆ ನಿಂತ ಶೀಟಿನ ಶೆಡ್ಡು ಸಿಡಿಲಿನಿಂದ ಆಸರೆಯೂ ಅಲ್ಲ. ಗುಡುಗುವಾಗ ಅಲ್ಲಿ ನಿಲ್ಲಬೇಡಿ, ಕಬ್ಬಿಣದ ಕಂಬ ಮುಟ್ಟಬೇಡಿ.

‘ಶೀಟಿನ ಮನೆಯಲ್ಲಿದ್ದರೆ ಕ್ಯಾನ್ಸರ್ ಬರುತ್ತದೆ’ ಎಂಬ ಮಾತು ಕಲಸುಮೇಲೋಗರ. ಅದು ಕಲ್ನಾರಿನ, ಅಂದರೆ ಆಸ್ಬೆಸ್ಟಾಸ್ ಬೆರೆಸಿದ ಸಿಮೆಂಟ್ ಶೀಟಿಗೆ ಸಂಬಂಧಿಸಿದ್ದು, ಉಕ್ಕಿನ ಶೀಟಿಗಲ್ಲ. ಹಳೆಯ ಸಿಮೆಂಟ್ ಶೀಟು ತೆಗೆದು ಕಲರ್ ಶೀಟ್ ಹಾಕಿಸುವವರು ಮಾತ್ರ ಇದನ್ನು ಗಮನಿಸಲೇಬೇಕು. ಒಡೆದಾಗ, ಕೊಯ್ದಾಗ ಏಳುವ ಎಳೆಗಳು ಶ್ವಾಸಕೋಶಕ್ಕೆ ಹೋಗುವುದೇ ಅಪಾಯ. ಸುತ್ತಿಗೆಯಿಂದ ಒಡೆಸಬೇಡಿ. ನೀರು ಚಿಮುಕಿಸಿ ತೋಯಿಸಿ, ಬೋಲ್ಟ್ ಬಿಚ್ಚಿ, ಇಡಿಯಾಗಿ ಕೆಳಗಿಳಿಸಿ. ಕೆಲಸದವರಿಗೆ ಬಟ್ಟೆಯ ಮಾಸ್ಕ್ ಸಾಲದು, ಸೂಕ್ಷ್ಮ ಕಣ ತಡೆಯುವ ಮಾಸ್ಕ್ ಕೊಡಿಸಿ. ಮಕ್ಕಳನ್ನು ದೂರವಿಡಿ. ಬಿದ್ದ ಚೂರುಗಳನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಎತ್ತಿ, ಗಟ್ಟಿ ಚೀಲದಲ್ಲಿ ಕಟ್ಟಿಡಿ.