ಕುರ್ಚಿ ಯಾರ ಲೆಕ್ಕಕ್ಕೆ?

1/6
ಫೋಟೋದಲ್ಲಿರೋ ನೆಲ ನೋಡಿ. ಗೋಡೆ ಪಕ್ಕ ನಾಲ್ಕು ನಾಲ್ಕು ಸವೆದ ಗುರುತು ಕಾಣ್ತಿದ್ಯಲ್ಲ, ಹೋದ ತಿಂಗಳವರೆಗೂ ಅಲ್ಲಿ ಕುರ್ಚಿಗಳಿದ್ವು. ನಮ್ಮ ಕಾಲೇಜಿನ ಹಿಂದಿನ ರಸ್ತೆಯ ಪುಟ್ಟ ಹೋಟೆಲ್ ಇದು. ಎರಡು ವರ್ಷದಿಂದ ನಾವು ಮೂವರು ದಿನಾ ಸಂಜೆ ಅಲ್ಲೇ. ಪಿಜಿ ರೂಮಲ್ಲಿ ಮೂರು ಮಂಚ ಹಾಕಿದ ಮೇಲೆ ಕೂರೋಕೆ ಜಾಗ ಅನ್ನೋದೇ ಇಲ್ಲ, ಹಾಗಾಗಿ ನಮ್ಮ ಹಾಲ್, ಲೈಬ್ರರಿ, ಜಗಳದ ಜಾಗ ಎಲ್ಲಾ ಅದೇ ಆಗಿತ್ತು. ಈಗ ಎದೆಮಟ್ಟದ ಸ್ಟೀಲ್ ಟೇಬಲ್ ಬಂದಿವೆ. ನಿಂತು ಕುಡಿ, ಹೊರಡು.

ಮೊದಲು ಕೋಪ ಬಂತು. ಆಮೇಲೆ ಒಂದು ಪ್ರಶ್ನೆ ತಲೆಗೆ ಹತ್ತಿತು. ಇಪ್ಪತ್ತು ರೂಪಾಯಿ ಕಾಫಿಗೆ ಗಂಟೆಗಟ್ಟಲೆ ಕೂರೋ ಹಕ್ಕು ನಮಗೆ ಯಾರು ಕೊಟ್ಟಿದ್ದು?

2/6
ಹಳೇ ಕಾಲದಲ್ಲಿ ಎಲ್ಲರೂ ಹೋಟೆಲಲ್ಲಿ ಒಟ್ಟಿಗೆ ಕೂತು ಹರಟೆ ಹೊಡೀತಿದ್ರು ಅಂತ ರೀಲ್ಸಲ್ಲಿ ಕೇಳಿರ್ತೀರ. ಆ "ಎಲ್ಲರೂ" ಅನ್ನೋ ಪದ ಸ್ವಲ್ಪ ನಿಧಾನವಾಗಿ ಓದಿ. ಇವತ್ತಿನ ಎಂಟಿಆರ್ 1924ರಲ್ಲಿ ಶುರುವಾದಾಗ ಅದರ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. ಆ ಕಾಲಕ್ಕೆ ಅಂಥ ಹೆಸರು ಏನೂ ವಿಶೇಷ ಅಲ್ಲ. ದಕ್ಷಿಣ ಭಾರತದ ಎಷ್ಟೋ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಜಾಗ, ದಲಿತರಿಗೆ ಒಳಗೆ ಪ್ರವೇಶವೇ ಇಲ್ಲ. ಸಂವಿಧಾನದ 15ನೇ ವಿಧಿಯಲ್ಲಿ ಅಂಗಡಿ, ಹೋಟೆಲ್, ಸಾರ್ವಜನಿಕ ಉಪಾಹಾರ ಗೃಹ ಅಂತ ಹೆಸರು ಹಿಡಿದು ಬರೆದಿದ್ದಾರೆ, ಯಾಕೆ ಅಂತ ಈಗ ಗೊತ್ತಾಗುತ್ತೆ. ಅಂದ್ರೆ ಕಾಗದದ ಮೇಲೆ ಈ ಕುರ್ಚಿ ಎಲ್ಲರದ್ದಾಗಿದ್ದೇ 1950ರಲ್ಲಿ. ಕೆಲವು ಹಳ್ಳಿಗಳಲ್ಲಿ ಎರಡು ಲೋಟ ಪದ್ಧತಿ ಅದಾದ ಮೇಲೂ ಹೋಗಲಿಲ್ಲ.

3/6
ಈಗ ನನಗೆ ತುಂಬಾ ಇಷ್ಟದ ಕಥೆ, ಕಾಫಿ ಹೌಸ್.

ಕಾಫಿ ಬೆಳೆಯೋದು ನಮ್ಮ ಚಿಕ್ಕಮಗಳೂರು, ಕೊಡಗು, ಹಾಸನದಲ್ಲಿ. ಆದ್ರೆ ಅದಕ್ಕೆ ದುಡ್ಡು ಬರ್ತಿದ್ದದ್ದು ಹೊರದೇಶದಿಂದ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಬೆಲೆ ಬಿದ್ದುಹೋಯ್ತು. ಬೆಳೆದದ್ದನ್ನ ಇಲ್ಲಿಯವರಿಗೇ ಕುಡಿಸಬೇಕಾಯ್ತು. 1935ರಲ್ಲಿ ಕಾಫಿ ಸೆಸ್ ಸಮಿತಿ ಬಂತು, 1936ರಲ್ಲಿ ಬಾಂಬೆಯ ಚರ್ಚ್‌ಗೇಟ್‌ನಲ್ಲಿ ಮೊದಲ ಕಾಫಿ ಹೌಸ್ ತೆರೀತು. ಆಮೇಲೆ ಕಾಫಿ ಬೋರ್ಡ್ ಇವನ್ನ ಊರೂರಿಗೆ ಹಬ್ಬಿಸ್ತು.

ಒಬ್ಬ ಬಿಕಾಂ ಹುಡುಗನ ಕಣ್ಣಲ್ಲಿ ನೋಡಿ. ಇದು ಅಂಗಡಿ ಅನ್ನೋದಕ್ಕಿಂತ ಜಾಹೀರಾತು. ಜನಕ್ಕೆ ಕಾಫಿ ರುಚಿ ಹತ್ತಿದರೆ ಸಾಕಿತ್ತು. ಗಿರಾಕಿ ಎರಡು ಗಂಟೆ ಕೂತ್ರೆ ಆ ನಷ್ಟ ಪ್ರಚಾರದ ಖರ್ಚು ಅಂದ್ಕೊಳ್ಳಬಹುದಿತ್ತು.

4/6
1950ರ ದಶಕದ ಮಧ್ಯದಲ್ಲಿ ಬೋರ್ಡ್ ಈ ಕಾಫಿ ಹೌಸ್‌ಗಳನ್ನ ಮುಚ್ಚೋಕೆ ಹೊರಡ್ತು. ಲೋಟ ತೊಳೆಯೋರು, ಟ್ರೇ ಹಿಡಿಯೋರು ಎಲ್ಲರೂ ಬೀದಿಗೆ. ಕೇರಳದ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಆ ಕಾರ್ಮಿಕರ ಬೆನ್ನಿಗೆ ನಿಂತು, ನೀವೇ ಸಹಕಾರ ಸಂಘ ಮಾಡ್ಕೊಂಡು ನಡೆಸಿ ಅಂದ್ರು. ಮೊದಲ ಸಂಘ ಹುಟ್ಟಿದ್ದು ಎಲ್ಲಿ ಗೊತ್ತಾ? ನಮ್ಮ ಬೆಂಗಳೂರಲ್ಲಿ, 1957ರ ಆಗಸ್ಟ್‌ನಲ್ಲಿ. ಎರಡೇ ತಿಂಗಳಿಗೆ ದೆಹಲಿಯಲ್ಲೂ ಸಂಘದ ಕಾಫಿ ಹೌಸ್ ಬಾಗಿಲು ತೆರೀತು. ನಿನ್ನೆ ಕೆಲಸ ಕಳ್ಕೊಂಡ ಸಪ್ಲೈಯರ್ ಇವತ್ತು ಷೇರುದಾರ! ನಮ್ಮ ಸಿಲಬಸ್‌ನಲ್ಲಿ ಸಹಕಾರ ಸಂಘ ಅಂದ್ರೆ ಐದು ಅಂಕದ ಟಿಪ್ಪಣಿ, ಈ ಕಥೆ ಒಂದು ಸಾಲೂ ಇಲ್ಲ.

ಎಂಜಿ ರೋಡಿನ ಕಾಫಿ ಹೌಸ್ 1959ರದ್ದು. ಐವತ್ತು ವರ್ಷ ಆದ್ಮೇಲೆ, 2009ರಲ್ಲಿ, ಆ ಜಾಗ ಬಿಟ್ಟು ಚರ್ಚ್ ಸ್ಟ್ರೀಟ್‌ಗೆ ಹೋಯ್ತು. ನಾನು ಮೊದಲ ಸಲ ಹೋದಾಗ ಒಂದು ಕಾಫಿ ಇಟ್ಕೊಂಡು ಒಂದೂವರೆ ಗಂಟೆ ಕೂತಿದ್ದೆ. ಪೇಟ ಕಟ್ಟಿದ ಸಪ್ಲೈಯರ್ ನನ್ನ ಕಡೆ ತಿರುಗಿಯೂ ನೋಡ್ಲಿಲ್ಲ. ಎಂಥಾ ದೊಡ್ಡ ಮನಸ್ಸು ಅಂದ್ಕೊಂಡೆ. ಇರಬಹುದು. ಆದ್ರೆ ಟೇಬಲ್ಲಿಂದ ಎಷ್ಟು ಬಂತು ಅಂತ ನಿಮಿಷ ಎಣಿಸೋ ಧಣಿ ಕೌಂಟರಲ್ಲಿ ಇಲ್ಲದೇ ಇರೋದೂ ಒಂದು ಕಾರಣ.

5/6
ಕುರ್ಚಿ ತೆಗೆದದ್ದು ನಮ್ಮ ಹೋಟೆಲೇ ಮೊದಲಲ್ಲ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ 1965ರಿಂದ ಜನ ನಿಂತೇ ಇಡ್ಲಿ ತಿಂತಿದ್ದಾರೆ, ಇಲ್ಲಾ ಫುಟ್‌ಪಾತ್ ಮೇಲೆ ಕೂತು. 1980ರ ದಶಕದಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಬಂತು, ಆಮೇಲೆ ಊರ ತುಂಬಾ ದರ್ಶಿನಿಗಳು. ಬೇಗ, ಕ್ಲೀನ್, ಕಮ್ಮಿ ರೇಟು. ನಿಜ ಹೇಳ್ಬೇಕಂದ್ರೆ ಬೆಳಿಗ್ಗೆ ನಾನೂ ಅಲ್ಲೇ ತಿನ್ನೋದು. 1996ರಲ್ಲಿ ಬ್ರಿಗೇಡ್ ರೋಡಲ್ಲಿ ಶುರುವಾದ ಕೆಫೆ ಕಾಫಿ ಡೇ ಕೂತು ಹರಟೋ ಜಾಗವನ್ನ ವಾಪಸ್ ತಂತು, ಆದ್ರೆ ಕೂರೋ ಬೆಲೆಯನ್ನ ಕಪ್ಪಿಗೆ ಸೇರಿಸಿ.

ಇನ್ನು ಏರಿಯಾ ಬಾರುಗಳು. ನನಗಿನ್ನೂ 20, ಬಾಗಿಲಲ್ಲೇ 21ರ ಬೋರ್ಡ್ ಇದೆ, ಹಾಗಾಗಿ ಇದು ನಮ್ಮ ಮಾವನ ಬಾಯಿಂದ ಕೇಳಿದ್ದು. ಅವರು ಫ್ಯಾಕ್ಟರಿ ಶಿಫ್ಟ್ ಮುಗಿಸಿ ಹೋಗೋ ಮಬ್ಬು ಬೆಳಕಿನ ಬಾರಲ್ಲಿ ಹೆಸರಿಡಿದು ಕರೀತಾರಂತೆ, ಕಡ್ಲೇಬೀಜ ಕೇಳದೇ ಬರುತ್ತಂತೆ. ಸಿಎಲ್-2 ಲೈಸೆನ್ಸಿನ ವೈನ್ ಶಾಪಲ್ಲಿ ಬಾಟಲಿ ಎಂಆರ್‌ಪಿಗೆ ಸಿಗುತ್ತೆ, ಅಲ್ಲಿ ಕುಡಿಯೋ ಹಾಗಿಲ್ಲ. ಸಿಎಲ್-9 ಅಂದ್ರೆ ಬಾರ್ ಅಂಡ್ ರೆಸ್ಟೋರೆಂಟ್, ಕೂತು ಕುಡೀಬಹುದು, ಬಿಲ್ ಜಾಸ್ತಿ. ಆ ವ್ಯತ್ಯಾಸ ಇದ್ಯಲ್ಲ, ಅದೇ ಕುರ್ಚಿ ಬೆಲೆ. ಕಾಫಿ ಹೋಟೆಲ್ ಬಾಯಿಬಿಟ್ಟು ಹೇಳದ ಲೆಕ್ಕವನ್ನ ಬಾರು ಬಿಲ್ಲಲ್ಲೇ ಬರೆಯುತ್ತೆ. ಇದಕ್ಕಿಂತ ಅಗ್ಗದ ಜಾಗ ಸಾರಾಯಿ ಅಂಗಡಿ, 2007ರ ಜುಲೈ 1ಕ್ಕೆ ನಿಷೇಧ ಆಯ್ತು. ಅದಕ್ಕೆ ಅಳೋಕಾಗಲ್ಲ, ಎಷ್ಟೋ ಮನೆಯ ಹೆಂಗಸರು ಬೇಡಿದ್ದೇ ಅದನ್ನ. ಇದನ್ನೆಲ್ಲ ಕ್ಲಾಸಲ್ಲಿ ಹೇಳಿದಾಗ ಒಬ್ಬಳು ಕೇಳಿದ್ಲು, "ನಿಮ್ಮ ಮಾವನ ಬಾರಲ್ಲಿ ನನಗೊಂದು ಕುರ್ಚಿ ಇದ್ಯಾ?" ನನ್ನ ಹತ್ರ ಉತ್ತರ ಇರಲಿಲ್ಲ.

6/6
ಕೊನೆಗೆ ನಮ್ಮದೇ ಲೆಕ್ಕ ಹಾಕ್ದೆ. ಮೂವರಿಗೆ ಒಂದು ಬೈಟು, ಒಂದು ಫುಲ್. 40 ರೂಪಾಯಿ, ಒಂದೂವರೆ ಗಂಟೆ. ಅದೇ ಜಾಗದಲ್ಲಿ ಮೂವರು ಮೂವರಾಗಿ ಐದೈದು ನಿಮಿಷ ನಿಂತು ಕುಡಿದ್ರೆ 54 ಕಾಫಿ, 1,080 ರೂಪಾಯಿ. ಅಷ್ಟು ಜನ ಬರಲ್ಲ ಅನ್ನಿ, ಅರ್ಧ ಹಿಡಿದ್ರೂ 540. ಬೋರ್ಡಿನ ದುಡ್ಡಿಲ್ಲ, ಸಂಘ ಇಲ್ಲ, ಸ್ವಂತ ಕಟ್ಟಡ ಇಲ್ಲ. ಎರಡು ವರ್ಷ ನಮ್ಮ ಕುರ್ಚಿಗೆ ಆ ಮನುಷ್ಯ ತನ್ನ ಜೇಬಿಂದ ಕೊಟ್ಟಿದ್ದಾರೆ. ದಿನಾ ಬರೋ ಗಿರಾಕಿ ನಾವು ಅಂತ ಹೆಮ್ಮೆ ಪಡ್ತಿದ್ವಲ್ಲ, ಅವರ ಪುಸ್ತಕದಲ್ಲಿ ನಾವು ನಷ್ಟದ ಕಾಲಂನಲ್ಲಿ ಇದ್ವಿ.

ಕೇಳಿದ್ದಕ್ಕೆ ಅವರು ಹೇಳಿದ್ದು ಇಷ್ಟೇ: "ಬಾಡಿಗೆ ಜಾಸ್ತಿ ಮಾಡಿದ್ರು ಕಣಪ್ಪ."

ನಿನ್ನೆ ಮತ್ತೆ ಹೋಗಿದ್ವಿ. ಬೈಟು ಬೇಡ, ಮೂರು ಫುಲ್ ಅಂದೆ. ಅವರು ನಕ್ಕರು. ನಿಂತೇ ಕುಡಿದ್ವಿ, ನಾಲ್ಕು ನಿಮಿಷ ಆಯ್ತು.