ಗಮಕದ ಜಗಲಿಯಿಂದ ಸಾಹಿತ್ಯೋತ್ಸವದವರೆಗೆ

ಲೇಖಕನೇ ಸಭೆಯ ಮುಂದೆ ಕುಳಿತು ತನ್ನ ಪುಸ್ತಕದ ಬಗೆಗೆ ಮಾತನಾಡುವುದು, ಓದುಗರು ಎದ್ದು ಪ್ರಶ್ನೆ ಕೇಳುವುದು ಬ್ರಿಟನ್ನಿನಲ್ಲಿ ನೆಲೆಸಿರುವ ನಮಗೆ ಪರಿಚಿತ ನೋಟ. ಚೆಲ್ಟ್‌ನಮ್‌ನ ಸಾಹಿತ್ಯೋತ್ಸವ 1949ರಷ್ಟು ಹಳೆಯದು. ವೇಲ್ಸಿನ ಗಡಿಯ ಹೇ ಎಂಬ ಪುಟ್ಟ ಊರಿನಲ್ಲಿ 1988ರಲ್ಲಿ ಆರಂಭವಾದ ಉತ್ಸವ ಈಗ ಜಗತ್ಪ್ರಸಿದ್ಧ. ಹಾಗೆಂದು ಸಾಹಿತ್ಯಕ್ಕಾಗಿ ಜನ ಸೇರುವುದನ್ನು ನಾವು ಇಲ್ಲಿಗೆ ಬಂದು ಕಲಿತೆವೆಂದು ತಿಳಿಯಬೇಕಾಗಿಲ್ಲ.

ನಮ್ಮಲ್ಲಿ ಕಾವ್ಯ ಬಹುಕಾಲ ಕಿವಿಯ ಸೊತ್ತಾಗಿತ್ತು. ದೇವಸ್ಥಾನದ ಜಗಲಿಯಲ್ಲಿ ಗಮಕಿಗಳು ಕುಮಾರವ್ಯಾಸ ಭಾರತವನ್ನು ವಾಚಿಸಿದರೆ, ಪಕ್ಕದಲ್ಲಿ ಕುಳಿತ ವ್ಯಾಖ್ಯಾನಕಾರರು ಅರ್ಥ ಬಿಡಿಸುತ್ತಿದ್ದರು. ಅಕ್ಷರ ಬಾರದವರೂ ಕರ್ಣನ ಪಾಡಿಗೆ ಕಣ್ಣೊರೆಸಿಕೊಳ್ಳುತ್ತಿದ್ದರು. ಅಲ್ಲಿ ಇಲ್ಲದವನೆಂದರೆ ಕವಿಯೊಬ್ಬನೇ. ಆತ ಶತಮಾನಗಳ ಹಿಂದೆಯೇ ಕಾಲವಾಗಿದ್ದ!

1915ರಲ್ಲಿ ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು ಹುಟ್ಟಿತು, ಎಚ್. ವಿ. ನಂಜುಂಡಯ್ಯನವರ ಅಧ್ಯಕ್ಷತೆಯಲ್ಲಿ ಮೊದಲ ಸಮ್ಮೇಳನವೂ ಅಲ್ಲಿಯೇ ನಡೆಯಿತು. ಆಗ ಕನ್ನಡಿಗರು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಹರಿದು ಹಂಚಿಹೋಗಿದ್ದರು. ಆದ್ದರಿಂದ ಸಮ್ಮೇಳನದ ವೇದಿಕೆಯೇರಿದ ಲೇಖಕ ತನ್ನ ಕೃತಿಗಿಂತ ಹೆಚ್ಚಾಗಿ ನಾಡು-ನುಡಿಯ ಪರವಾಗಿ ಮಾತನಾಡಬೇಕಾಯಿತು. ಆ ಕಾಲಕ್ಕೆ ಅದು ಸರಿಯೇ. ಆದರೆ ರಾಜ್ಯಗಳು ಒಂದಾದ ಮೇಲೂ ಮೆರವಣಿಗೆ, ನಿರ್ಣಯ, ಊಟದ ಸಾಲುಗಳ ನಡುವೆ ಪುಸ್ತಕ ಹಿಂದೆ ಸರಿದೇ ಉಳಿಯಿತೆಂಬುದು ನನ್ನ ಅನಿಸಿಕೆ.

ಪುಸ್ತಕದ ಮಾತು ನಡೆಯುತ್ತಿದ್ದುದು ಬೇರೆ ಕಡೆ. ಜಿ. ಬಿ. ಜೋಶಿಯವರು 1933ರಲ್ಲಿ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದರು. ಅದರ ಅಟ್ಟದಲ್ಲಿ ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರು ಕುಳಿತು ಹಸ್ತಪ್ರತಿಗಳನ್ನು ಚರ್ಚಿಸುತ್ತಿದ್ದರು. ನಮಗೆ ಅಭಿಮಾನದ ಸಂಗತಿಯೆಂದರೆ ಆ ಅಟ್ಟಕ್ಕೂ ಈ ದೇಶಕ್ಕೂ ಇರುವ ನಂಟು. 1961ರಲ್ಲಿ ಗ್ರಂಥಮಾಲೆ 'ಯಯಾತಿ'ಯನ್ನು ಪ್ರಕಟಿಸಿದಾಗ ಗಿರೀಶ ಕಾರ್ನಾಡರು ಆಕ್ಸ್‌ಫರ್ಡಿನಲ್ಲಿ ವಿದ್ಯಾರ್ಥಿ. ಅನಂತಮೂರ್ತಿಯವರು 'ಸಂಸ್ಕಾರ'ವನ್ನು ಬರೆದದ್ದು ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆ ಮಾಡುತ್ತಿದ್ದಾಗ. ಬರ್ಗ್‌ಮನ್‌ನ 'ದಿ ಸೆವೆಂತ್ ಸೀಲ್' ಚಿತ್ರ ನೋಡಿದ್ದು ಅದಕ್ಕೆ ಪ್ರೇರಣೆಯಾಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಮಲೆನಾಡಿನ ಅಗ್ರಹಾರದ ಕಥೆ ಈ ಚಳಿಯಲ್ಲಿ ಹುಟ್ಟಿತು!

ಅದೇ ಧಾರವಾಡದಲ್ಲಿ, 2013ರ ಜನವರಿಯಲ್ಲಿ, ಗಿರಡ್ಡಿ ಗೋವಿಂದರಾಜರ ನೇತೃತ್ವದಲ್ಲಿ 'ಸಾಹಿತ್ಯ ಸಂಭ್ರಮ' ಆರಂಭವಾಯಿತು. 2006ರಲ್ಲಿ ಜಯಪುರದಲ್ಲಿ ಶುರುವಾದ ಉತ್ಸವದಲ್ಲಿ ಇಂಗ್ಲಿಷಿನದೇ ಮೇಲುಗೈ. ಧಾರವಾಡದಲ್ಲಿ ಮಾತೆಲ್ಲ ಕನ್ನಡದಲ್ಲೇ. ಅದೇ ವರ್ಷ ಅನಂತಮೂರ್ತಿಯವರು ಮ್ಯಾನ್ ಬುಕರ್ ಅಂತಾರಾಷ್ಟ್ರೀಯ ಪ್ರಶಸ್ತಿಯ ಅಂತಿಮ ಹತ್ತು ಮಂದಿಯಲ್ಲಿ ಒಬ್ಬರಾಗಿದ್ದರು. ಪ್ರಶಸ್ತಿ ಕೈತಪ್ಪಿತು.

ಹನ್ನೆರಡು ವರ್ಷ ಕಳೆದು, 2025ರ ಮೇ 20ರಂದು, ಲಂಡನ್ನಿನ ಟೇಟ್ ಮಾಡರ್ನ್‌ನಲ್ಲಿ ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್' ಅಂತಾರಾಷ್ಟ್ರೀಯ ಬುಕರ್ ಗೆದ್ದಿತು. ಕನ್ನಡಕ್ಕೆ ಇದು ಮೊದಲು, ಕಥಾಸಂಕಲನವೊಂದಕ್ಕೂ ಮೊದಲು. 50,000 ಪೌಂಡುಗಳಲ್ಲಿ ಅರ್ಧ ಅನುವಾದಕಿ ದೀಪಾ ಭಾಸ್ತಿಯವರ ಪಾಲು. ಅರ್ಥ ಬಿಡಿಸುವವರಿಗೂ ಸಮಾನ ಮಣೆ ಹಾಕುವ ಈ ಕ್ರಮ ಗಮಕ ಬಲ್ಲವರಿಗೆ ಹೊಸದೆನಿಸದು.

ನಮ್ಮ ಮನೆಗಳ ಎಷ್ಟೋ ಮಕ್ಕಳಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬಾರದು. ಬಾನು ಅವರನ್ನು ಅವರು ಇಂಗ್ಲಿಷಿನಲ್ಲೇ ಓದುತ್ತಾರೆ. ಆದರೆ ದೀಪಾ ಅವರು ಹಲವು ಕನ್ನಡ ಪದಗಳನ್ನು ಹಾಗೆಯೇ ಉಳಿಸಿದ್ದಾರೆ, ಅಡಿಟಿಪ್ಪಣಿಯನ್ನೂ ಕೊಟ್ಟಿಲ್ಲ. ಅರ್ಥ ಬೇಕಾದರೆ ಮಕ್ಕಳು ಪುಸ್ತಕ ಹಿಡಿದು ಅಡುಗೆಮನೆಯಲ್ಲಿರುವ ಅಜ್ಜಿಯ ಬಳಿಗೇ ಹೋಗಬೇಕು.