ಬಿಲ್ಲಿನಲ್ಲಿ ಬರೆದ ಫಿಲ್ಟರ್ ನಮ್ಮ ಗಾಡಿಯಲ್ಲಿ ಉಂಟಾ?

ಸ್ಕೂಟರ್ ಸರ್ವಿಸಿಗೆ ಕೊಟ್ಟು ಬಿಲ್ ಕೈಗೆ ಬಂದಾಗ ಅದರಲ್ಲಿ "ಫಿಲ್ಟರ್" ಅಂತ ಒಂದು ಸಾಲು ಇರ್ತದಲ್ಲ, ಅದು ಯಾವ ಫಿಲ್ಟರ್ ಅಂತ ಕೇಳಿದ್ದೀರಾ? ಗಾಳಿಯದ್ದಾ, ಆಯಿಲಿನದ್ದಾ? ಅಂಗಡಿಯ ಚೀಟಿಯಲ್ಲಿ ಬರೀ "ಬೇಳೆ" ಅಂತ ಬರೆದರೆ ನಾವು ಸುಮ್ಮನಿರುದಿಲ್ಲ. ತೊಗರಿಯಾ ಹೆಸರಾ ಅಂತ ಕೇಳಿಯೇ ಕೇಳ್ತೇವೆ. ಗಾಡಿಯ ವಿಷಯ ಬಂದ್ರೆ ಮಾತ್ರ ದುಡ್ಡು ಕೊಟ್ಟು ಬರುದು. ನಮ್ಮ ಅಂಗಳದಲ್ಲಿ ನಿಲ್ಲುವ ಎಷ್ಟೋ ಸ್ಕೂಟರುಗಳಲ್ಲಿ ಬದಲಿಸುವಂಥ ಆಯಿಲ್ ಫಿಲ್ಟರೇ ಇಲ್ಲ ಅಂದ್ರೆ ನಂಬ್ತೀರಾ? ಎಂತಕ್ಕೆ ಇಲ್ಲ, ಯಾವುದರಲ್ಲಿ ಉಂಟು ಅಂತ ತಿಳಿಯಬೇಕಾದ್ರೆ ಸ್ವಲ್ಪ ಹಿಂದೆ ಹೋಗಬೇಕು.

ಎಂಜಿನ್ ಒಳಗೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜದ ಹಾಗೆ ನಡುವೆ ಒಂದು ತೆಳು ಪದರ ಆಯಿಲ್ ಇರ್ತದೆ. ಉಜ್ಜಿ ಉಜ್ಜಿ ಬಂದ ಲೋಹದ ಹುಡಿ, ಪೆಟ್ರೋಲ್ ಉರಿದ ಮಸಿ ಎಲ್ಲ ಆ ಆಯಿಲಿಗೇ ಸೇರುದು. ಅದೇ ಆಯಿಲ್ ಮತ್ತೆ ಮತ್ತೆ ಸುತ್ತಿ ಬಂದ್ರೆ ಹುಡಿ ಮರಳುಕಾಗದದ ಹಾಗೆ ಒಳಗಿನದ್ದನ್ನೆಲ್ಲ ಸವೆಸ್ತದೆ. ಹಾಗಾಗಿ ಸೋಸಬೇಕು. ಹೇಗೆ ಸೋಸುದು ಅನ್ನುದೇ ಈ ಕಥೆ.

ಮೊದಮೊದಲಿನ ಮೋಟಾರ್ ಸೈಕಲುಗಳಲ್ಲಿ ಸೋಸುವ ಪ್ರಶ್ನೆಯೇ ಇರಲಿಲ್ಲ. ಸವಾರ ಕೈಪಂಪು ಒತ್ತಿ ಆಗಾಗ ಆಯಿಲ್ ಬಿಡ್ತಿದ್ದ, ಅದು ಒಂದು ಸಲ ಕೆಲಸ ಮಾಡಿ ಉರಿದೋ ರಸ್ತೆಗೆ ಸೋರಿಯೋ ಹೋಗ್ತಿತ್ತು. ಆಯಿಲನ್ನು ಒಳಗೇ ಸುತ್ತಿಸುವ ಎಂಜಿನುಗಳು ಬಂದ ಮೇಲೆ ಕೊಳೆ ತಲೆನೋವಾಯ್ತು. 1923ರಲ್ಲಿ ಅಮೆರಿಕದ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಮತ್ತು ಜಾರ್ಜ್ ಗ್ರೀನ್‌ಹಾಲ್ ಎಂಬ ಇಬ್ಬರು ಕಾರಿಗೆ ಆಯಿಲ್ ಫಿಲ್ಟರ್ ಮಾಡಿದರು. ಅದಕ್ಕೆ ಇಟ್ಟ ಹೆಸರು ಪ್ಯೂರೊಲೇಟರ್. ಅದೇ ಹೆಸರಿನ ಡಬ್ಬಿ ಇವತ್ತೂ ನಮ್ಮಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸಿಗ್ತದೆ.

ನಮ್ಮ ದೇಶದಲ್ಲಿ ಎಲ್ಲರೂ ಹೆಸರು ಕೇಳಿದ ಹಳೆ ಬೈಕ್ ಅಂದ್ರೆ ಬುಲೆಟ್. 1955ರಲ್ಲಿ ಮದ್ರಾಸಿನಲ್ಲಿ ಅದನ್ನು ಜೋಡಿಸ್ಲಿಕ್ಕೆ ಸುರು ಮಾಡಿದರು. ಹಳೆ ಬುಲೆಟಿನಲ್ಲಿ ಆಯಿಲ್ ಸೋಸ್ಲಿಕ್ಕೆ ಫೆಲ್ಟ್ ಅಂತ ಹೇಳುವ ದಪ್ಪ ಒತ್ತಿದ ಬಟ್ಟೆಯ ಕೊಳವೆ ಇತ್ತು. ತೆಂಗಿನಕಾಯಿ ಹಾಲನ್ನು ಬಟ್ಟೆಯಲ್ಲಿ ಹಿಂಡಿ ಸೋಸುದಿಲ್ವಾ, ಅದೇ ಕ್ರಮ.

ಆದ್ರೆ ಸಾಮಾನ್ಯ ಮನೆಯವರ ಗಾಡಿ ಬುಲೆಟ್ ಅಲ್ಲ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬೈಕ್ ಮಾಡ್ಲಿಕ್ಕೆ ಹೊರಟಿತು. 1973ರಿಂದ ಆ ಬೈಕಿಗೆ ಯೆಜ್ಡಿ ಅಂತ ಹೆಸರಾಯ್ತು. 1972ರಲ್ಲಿ ಬಜಾಜ್ ಚೇತಕ್, ಅದೇ ಹೊತ್ತಿಗೆ ಲೂನಾ ಮೊಪೆಡ್ ಬಂತು. ಇವೆಲ್ಲ ಟೂ-ಸ್ಟ್ರೋಕ್ ಗಾಡಿಗಳು. ಇವುಗಳಲ್ಲಿ ಎಂಜಿನ್ ಆಯಿಲಿಗೆ ಬೇರೆ ಜಾಗವೇ ಇಲ್ಲ. ಬಂಕಿನಲ್ಲಿ ಪೆಟ್ರೋಲ್ ಹಾಕುವಾಗಲೇ ಗಾಡಿಗೆ ತಕ್ಕ ಹಾಗೆ ಲೀಟರಿಗೆ 20ರಿಂದ 40 ಮಿಲಿಯಷ್ಟು ಆಯಿಲ್ ಬೆರೆಸುದು. ಅದು ಪೆಟ್ರೋಲಿನೊಟ್ಟಿಗೇ ಒಳಗೆ ಹೋಗಿ, ನುಣುಪು ಕೊಟ್ಟು, ಉರಿದು, ನೀಲಿ ಹೊಗೆಯಾಗಿ ಹಿಂದಿನಿಂದ ಹೋಗುದು. ಪ್ರತಿ ಸಲ ಹೊಸ ಆಯಿಲೇ ಆದ ಮೇಲೆ ಸೋಸುವ ಕೆಲಸ ಎಲ್ಲಿ? ಚೇತಕಿನ ಗೇರ್ ಬಾಕ್ಸಿಗೆ ಬೇರೆ ಆಯಿಲ್ ಉಂಟು, ಅದಕ್ಕೂ ಫಿಲ್ಟರ್ ಇಲ್ಲ. ಹಳತಾದ್ರೆ ಅಡಿಯ ಬೋಲ್ಟ್ ತೆಗೆದು ಖಾಲಿ ಮಾಡುದು, ಹೊಸತು ತುಂಬುದು. ಆ ಕಾಲದ ಹೆದರಿಕೆ ಒಂದೇ: ಆಯಿಲ್ ಬೆರೆಸ್ಲಿಕ್ಕೆ ಮರೆತ್ರೆ ಪಿಸ್ಟನ್ ಹಿಡಿದು ಗಾಡಿ ದಾರಿಯಲ್ಲೇ ನಿಲ್ತದೆ.

1980ರ ದಶಕದಲ್ಲಿ ಬಂದ ಕೈನೆಟಿಕ್ ಹೋಂಡಾದಲ್ಲಿ ಗೇರ್ ಇಲ್ಲ, ಕಿಕ್ ಹೊಡೆಯುವ ಕಷ್ಟ ಇಲ್ಲ, ಬಟನ್ ಒತ್ತಿದ್ರೆ ಆಯ್ತು. ಆಯಿಲಿಗೆ ಬೇರೆ ಟ್ಯಾಂಕ್. ಬೆರೆಸುವ ಕೆಲಸವನ್ನು ಗಾಡಿಯೇ ಮಾಡ್ತಿತ್ತು. ಸೀರೆ ಉಟ್ಟುಕೊಂಡು ಹಿಂದೆ ಒಂದೇ ಬದಿಗೆ ಕಾಲು ಹಾಕಿ ಕೂತುಕೊಳ್ತಿದ್ದ ಹೆಂಗಸರಲ್ಲಿ ಕೆಲವರು ಮುಂದೆ ಬಂದು ಹ್ಯಾಂಡಲ್ ಹಿಡಿದದ್ದು ಇಂಥ ಗಾಡಿಗಳಿಂದ. 1990ರ ದಶಕದಲ್ಲಿ ಸ್ಕೂಟಿ ಬಂದ ಮೇಲೆ ಕಾಲೇಜಿನ ಹುಡುಗಿಯರೂ ಸೇರಿದರು.

ಆಯಿಲ್ ಸೋಸುವ ಕಥೆ ನಮ್ಮ ಮನೆಗಳಿಗೆ ನಿಜವಾಗಿ ಕಾಲಿಟ್ಟದ್ದು 1985ರಲ್ಲಿ, ಹೀರೋ ಹೋಂಡಾ ಸಿಡಿ 100 ಬಂದಾಗ. ಇದು ಫೋರ್-ಸ್ಟ್ರೋಕ್. ಎಂಜಿನ್ ಅಡಿಯಲ್ಲಿ ಒಂದು ಲೀಟರಿನಷ್ಟು ಆಯಿಲ್ ನಿಂತಿರ್ತದೆ, ಪಂಪು ಅದನ್ನೇ ಮೇಲೆ ಕೆಳಗೆ ಸುತ್ತಿಸ್ತದೆ. ಅದನ್ನು ಸೋಸ್ಲಿಕ್ಕೆ ಕಾಗದ ಇಲ್ಲ, ಬಟ್ಟೆ ಇಲ್ಲ. ಮೊದಲು ಒಂದು ತಂತಿ ಜಾಲರಿ. ಚಹಾ ಸೋಸುವ ಜರಡಿ ಇದ್ದ ಹಾಗೆ, ದೊಡ್ಡ ಕಸ ಹಿಡಿಲಿಕ್ಕೆ. ಮತ್ತೆ ಎಂಜಿನಿನೊಟ್ಟಿಗೇ ಗಿರಗಿರ ತಿರುಗುವ ಒಂದು ಸಣ್ಣ ಬಟ್ಟಲು. ಮಿಕ್ಸಿಯಲ್ಲಿ ಚಟ್ನಿ ಕಡೆಯುವಾಗ ಜಾರಿನ ಗೋಡೆಗೆ ಮೆತ್ತಿಕೊಳ್ಳುದಿಲ್ವಾ, ಹಾಗೆ ಭಾರದ ಕೊಳೆ ಬಟ್ಟಲಿನ ಗೋಡೆಗೆ ಹೋಗಿ ಅಂಟಿಕೊಳ್ತದೆ, ಶುದ್ಧ ಆಯಿಲ್ ನಡುವಿನಿಂದ ಹೋಗ್ತದೆ. ಚೆಂದದ ಬುದ್ಧಿ! ಖರೀದಿ ಮಾಡುವ ಫಿಲ್ಟರ್ ಇಲ್ಲ, ಖರ್ಚಿಲ್ಲ. ಆದ್ರೆ ಬಟ್ಟಲಿನಲ್ಲಿ ಕೂತ ಕಪ್ಪು ಮಡ್ಡಿಯನ್ನು ಯಾವಾಗಾದರೊಮ್ಮೆ ಬಲಬದಿಯ ಕವರ್ ಬಿಚ್ಚಿ ಕೆರೆದು ತೆಗೆಯಲೇಬೇಕು. ಹೊರಗೆ ಕಾಣದ್ದರಿಂದ ಎಷ್ಟೋ ಗಾಡಿಗಳಲ್ಲಿ ಈ ಕೆಲಸ ಆಗುದೇ ಇಲ್ಲ.

ಹೊಗೆಯ ನಿಯಮ 1996ರಲ್ಲಿ, ಮತ್ತೆ 2000ದಲ್ಲಿ ಬಿಗಿಯಾಯ್ತು. ಮೈಸೂರಿನ ಜಾವಾ ಕಾರ್ಖಾನೆಗೆ 1996ರಲ್ಲಿ ಬಾಗಿಲು ಬಿತ್ತು. ಟೂ-ಸ್ಟ್ರೋಕ್ ಹಿಂದೆ ಸರಿದು ಊರೆಲ್ಲ ಫೋರ್-ಸ್ಟ್ರೋಕ್ ಆಯ್ತು. 2001ರಲ್ಲಿ ಬಂದ ಪಲ್ಸರಿನಂಥ ಬೈಕುಗಳಲ್ಲಿ ಮಡಿಚಿದ ಕಾಗದದ ಫಿಲ್ಟರ್ ಉಂಟು. ಕಾಗದ ಬಹಳ ಸಣ್ಣ ಹುಡಿಯನ್ನೂ ಹಿಡಿತದೆ, ಆದ್ರೆ ತೊಳೆದು ಪುನಃ ಹಾಕುವ ವಸ್ತು ಅಲ್ಲ, ಬದಲಿಸಬೇಕು. ಬದಲಿಸದಿದ್ರೆ ಎಂತ ಆಗ್ತದೆ? ಕಾಗದ ಕಟ್ಟಿಕೊಂಡ್ರೂ ಎಂಜಿನಿಗೆ ಆಯಿಲ್ ತಪ್ಪಬಾರದು ಅಂತ ಬಹಳಷ್ಟು ಎಂಜಿನುಗಳಲ್ಲಿ ಒಂದು ಒಳದಾರಿ ಇಟ್ಟಿರ್ತಾರೆ. ಆಯಿಲ್ ಆಗ ಸೋಸದೆ, ಕೊಳೆ ಸಮೇತ ಆ ದಾರಿಯಲ್ಲಿ ಹೋಗ್ತದೆ. ಗಾಡಿ ಓಡ್ತದೆ, ಶಬ್ದವೂ ಬರುದಿಲ್ಲ. ಶಬ್ದ ಬರುವ ಹೊತ್ತಿಗೆ ಒಳಗೆ ಸವೆದು ಆಗಿರ್ತದೆ, ರಿಪೇರಿಗೆ ಸಾವಿರಗಟ್ಟಲೆ ಬೇಕಾಗ್ತದೆ.

2001ರ ಹೊತ್ತಿಗೇ ರಸ್ತೆಗೆ ಬಂದದ್ದು ಆಕ್ಟಿವಾ. ಕೋಲಾರದ ಹತ್ತಿರ ನರಸಾಪುರದಲ್ಲಿ 2013ರಲ್ಲಿ ಹೋಂಡಾದ ಕಾರ್ಖಾನೆಯೇ ತೆರೆಯಿತು. ನಮ್ಮೂರಿನಲ್ಲಿ ಮಕ್ಕಳನ್ನು ಶಾಲೆಗೆ ಬಿಡುವ, ಮೀನು ಮಾರ್ಕೆಟಿಗೆ ಹೋಗುವ, ಕೆಲಸಕ್ಕೆ ಓಡುವ ಗಾಡಿ ಇದೇ ಆಯ್ತು. ಗಾಡಿ ನಮ್ಮದು, ಬಿಲ್ ಕೊಡುದೂ ನಾವೇ. ಆಕ್ಟಿವಾದಲ್ಲಿ ಇರುದು ಎಂಜಿನ್ ಅಡಿಯ ಒಂದು ತಂತಿ ಜಾಲರಿ ಮಾತ್ರ. ಬೋಲ್ಟ್ ತೆಗೆದು ತೊಳೆದು ಪುನಃ ಹಾಕುದು. ಖರೀದಿಸುವ ಆಯಿಲ್ ಫಿಲ್ಟರ್ ಇಲ್ಲ. ಅದರ ಬಿಲ್ಲಿನಲ್ಲಿ "ಫಿಲ್ಟರ್" ಅಂತ ಇದ್ರೆ ಅದು ಏರ್ ಫಿಲ್ಟರ್ ಆಗಿರಬೇಕು. "ಆಯಿಲ್ ಫಿಲ್ಟರ್" ಅಂತಲೇ ಬರೆದಿದ್ರೆ ಹಳತನ್ನು ತೋರಿಸಿ ಅಂತ ಕೇಳಿ. ಸುಜುಕಿ ಆಕ್ಸೆಸಿನಲ್ಲಿ ಮಾತ್ರ ಕಾಗದದ ಆಯಿಲ್ ಫಿಲ್ಟರ್ ನಿಜವಾಗಿಯೂ ಉಂಟು. ಅಲ್ಲಿ ಬಿಲ್ಲಿನಲ್ಲಿ ಅದು ಯಾವತ್ತೂ ಬರುದೇ ಇಲ್ಲ ಅಂದ್ರೆ ಅದೂ ಕೇಳಬೇಕಾದ ವಿಷಯ. ಹೀಗೆ ಒಂದೇ ಪ್ರಶ್ನೆ ಒಂದು ಮನೆಯ ದುಡ್ಡು ಉಳಿಸ್ತದೆ, ಇನ್ನೊಂದು ಮನೆಯ ಎಂಜಿನ್ ಉಳಿಸ್ತದೆ.

ಮನೆಯಲ್ಲಿ ಬೈಕ್ ಇದ್ದು ಫಿಲ್ಟರ್ ತರ್ಲಿಕ್ಕೆ ನಿಮ್ಮನ್ನೇ ಕಳಿಸಿದ್ರೆ "ಬೈಕಿನ ಫಿಲ್ಟರ್ ಕೊಡಿ" ಅಂತ ಕೇಳಬೇಡಿ. ಗಾಡಿಯ ಹೆಸರು, ಎಷ್ಟು ಸಿಸಿ, ಯಾವ ವರ್ಷದ್ದು, ಮೂರನ್ನೂ ಹೇಳಿ. ಹಳೆ ಫಿಲ್ಟರ್ ಕೈಯಲ್ಲಿದ್ರೆ ಇನ್ನೂ ಒಳ್ಳೆಯದು. ಅಳತೆ ಒಂದೇ ಕಂಡ್ರೂ ತೂತು ಬೇರೆ ಇರಬಹುದು. ಡಬ್ಬಿಯಲ್ಲಿ ಪಾರ್ಟ್ ನಂಬರ್, ಎಂಆರ್‌ಪಿ ಉಂಟಾ ನೋಡಿ. ಕಾಗದದ ಮಡಿಕೆ ಒಂದೇ ಸಮ ಇರಬೇಕು, ಅಂಟು ಬಿಟ್ಟಿರಬಾರದು. ಒಟ್ಟಿಗೆ ಕವರಿನ ರಬ್ಬರ್ ರಿಂಗೂ ಹೊಸತು ತಗೊಳ್ಳಿ. ಹಳೆ ರಿಂಗ್ ಹಾಕಿದ್ರೆ ಕೆಲವು ದಿನದಲ್ಲಿ ಅಂಗಳದಲ್ಲಿ ಆಯಿಲಿನ ಬೊಟ್ಟು ಕಾಣ್ತದೆ. ಡಬ್ಬಿಯ ಆಯಿಲಿನಲ್ಲೂ ಭೇದ ಉಂಟು. ಸ್ಕೂಟರಿನ ಕ್ಲಚ್ ಒಣ ಕ್ಲಚ್, ಅದಕ್ಕೆ ಎಂಬಿ ಅಂತ ಬರೆದದ್ದು. ಬೈಕಿನ ಕ್ಲಚ್ ಆಯಿಲಿನಲ್ಲೇ ಮುಳುಗಿರುದು, ಅದಕ್ಕೆ ಎಂಎ ಅಥವಾ ಎಂಎ-2. ಎಂಬಿ ಆಯಿಲ್ ಬೈಕಿಗೆ ಹಾಕಿದ್ರೆ ಕ್ಲಚ್ ಜಾರ್ಲಿಕ್ಕೆ ಸುರು ಆಗಬಹುದು.

ಬದಲಿಸುವ ಕ್ರಮ ದೊಡ್ಡದೇನಲ್ಲ. ಎಂಜಿನನ್ನು ಎರಡು ಮೂರು ನಿಮಿಷ ಓಡಿಸಿ ನಿಲ್ಲಿಸುದು. ಬಿಸಿ ಆಯಿಲ್ ಕೊಳೆಯನ್ನೂ ಒಟ್ಟಿಗೆ ಎಳೆದುಕೊಂಡು ಇಳಿತದೆ. ಅಡಿಯ ಬೋಲ್ಟ್ ತೆಗೆದು ಹಳೆ ಬೇಸಿನಿನಲ್ಲಿ ಪೂರ್ತಿ ಇಳಿಸುದು. ಜಾಲರಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸುದು. ಕಾಗದದ ಫಿಲ್ಟರಾದ್ರೆ ಹಳತು ಯಾವ ಬದಿ ಒಳಗಿತ್ತು ಅಂತ ನೋಡಿಯೇ ತೆಗೆಯುದು; ಕೆಲವಕ್ಕೆ ಒಂದೇ ಬದಿ ತೂತು, ತಿರುಗಿಸಿ ಹಾಕಿದ್ರೆ ಆಯಿಲಿನ ದಾರಿಯೇ ಮುಚ್ಚಿಹೋಗ್ತದೆ. ಮತ್ತೆ ಪುಸ್ತಕದಲ್ಲಿ ಹೇಳಿದಷ್ಟೇ ಆಯಿಲ್ ಅಳೆದು ಹಾಕುದು. ಅಡುಗೆಯಲ್ಲಿ ಒಂದು ಸೌಟು ಹೆಚ್ಚಾದ್ರೂ ನಡಿತದೆ, ಇಲ್ಲಿ ಹೆಚ್ಚಾದ್ರೂ ತೊಂದರೆಯೇ. ಆಕ್ಟಿವಾದಲ್ಲಿ ಆಯಿಲ್ ನೋಡುವಾಗ ದೊಡ್ಡ ಸ್ಟ್ಯಾಂಡ್ ಹಾಕಿ, ಅಳತೆಯ ಕಡ್ಡಿಯನ್ನು ತಿರುಗಿಸದೆ ಬರೀ ಇಳಿಸಿ ನೋಡಿ.

ನಮ್ಮೂರಿನ ಮಳೆಗೂ ಇದಕ್ಕೂ ಸಂಬಂಧ ಉಂಟು. ಬಿಜೈಯಿಂದ ಕದ್ರಿಗೆ, ಕದ್ರಿಯಿಂದ ಹಂಪನಕಟ್ಟೆಗೆ ಅಂತ ಹತ್ತು ನಿಮಿಷದ ಓಡಾಟ ಮಾತ್ರ ಇದ್ರೆ ಎಂಜಿನ್ ಪೂರ್ತಿ ಬಿಸಿಯಾಗುದಿಲ್ಲ, ಒಳಗಿನ ತೇವ ಆರುದಿಲ್ಲ. ಹೀಗಾಗಿ ಕಿಲೋಮೀಟರ್ ಆಗದಿದ್ರೂ ತಿಂಗಳ ಲೆಕ್ಕದಲ್ಲಿ ಆಯಿಲ್ ಬದಲಿಸಬೇಕಾಗ್ತದೆ. 2018ರ ಮೇ 29ರ ಮಳೆ ನೆನಪುಂಟಲ್ಲ? ಕೊಟ್ಟಾರಚೌಕಿ ಕಡೆಯೆಲ್ಲ ನೀರೇ ನೀರು. ಅಂಥ ನೀರಿನಲ್ಲಿ ಮುಳುಗಿದ ಗಾಡಿಯನ್ನು ಸ್ಟಾರ್ಟ್ ಮಾಡ್ಲೇಬಾರದು. ಯಾವ ಜಾಲರಿಯೂ ನೀರನ್ನು ಹಿಡಿದಿಡುದಿಲ್ಲ. ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ಬಂದಿದ್ರೆ ನೀರು ಸೇರಿದೆ ಅಂತ ಅರ್ಥ. ಪೂರ್ತಿ ಖಾಲಿ ಮಾಡಿಸಿ ಹೊಸತು ಹಾಕಿಸಬೇಕು.

ಇನ್ನು ಇಳಿಸಿದ ಕರಿ ಆಯಿಲ್. ಗೆದ್ದಲು ಬರಬಾರದು ಅಂತ ಬಚ್ಚಲಿನ ಪಕ್ಕಾಸಿಗೆ, ಬೇಲಿ ಗೂಟಕ್ಕೆ ಬಳಿಯುವ ಕ್ರಮ ಹಿಂದಿನಿಂದ ಉಂಟು. ಈಗ ಅದು ಬೇಡ. ಅದರಲ್ಲಿ ಲೋಹದ ಹುಡಿ, ಮೈಗೆ ಆಗದ ಮಸಿ ಎಲ್ಲ ಇರ್ತದೆ. ಕಾನೂನಿನ ಲೆಕ್ಕದಲ್ಲೂ ಅದು ಅಪಾಯಕಾರಿ ತ್ಯಾಜ್ಯ. ತೋಡಿಗೆ, ತೆಂಗಿನ ಬುಡಕ್ಕೆ ಚೆಲ್ಲಲೇಬಾರದು. ನಮ್ಮದು ತೂತು ತೂತಿನ ಮುರಕಲ್ಲಿನ ನೆಲ. ಮೇಲೆ ಚೆಲ್ಲಿದ್ದು ಮಳೆಯೊಟ್ಟಿಗೆ ಇಳಿದು ಬಾವಿಗೇ ಬರುದು, ನಮ್ಮದಕ್ಕಲ್ಲದಿದ್ರೆ ಆಚೆಮನೆಯವರದ್ದಕ್ಕೆ. ಕ್ಯಾನಿಗೆ ತುಂಬಿಸಿ ಗ್ಯಾರೇಜಿಗೆ ಕೊಟ್ರೆ ಹಳೆ ಆಯಿಲ್ ತಗೊಳ್ಳುವವರಿಗೆ ಅವರು ಕೊಡ್ತಾರೆ.

2020ರಲ್ಲಿ ಬೆಂಗಳೂರು, ಪುಣೆಯಲ್ಲಿ ಚೇತಕ್ ಅಂತಲೇ ಹೆಸರಿಟ್ಟ ಕರೆಂಟಿನ ಸ್ಕೂಟರ್ ಬಂತು. ಹಳೆ ಚೇತಕ್ ಆಯಿಲನ್ನು ಉರಿಸಿ ಬಿಡ್ತಿತ್ತು, ಹೊಸ ಚೇತಕಿನಲ್ಲಿ ಎಂಜಿನ್ ಆಯಿಲೇ ಇಲ್ಲ. ಎರಡಕ್ಕೂ ಆಯಿಲ್ ಫಿಲ್ಟರ್ ಬೇಡ! ನಡುವಿನ ಈ ನಲವತ್ತು ಐವತ್ತು ವರ್ಷದ ಗಾಡಿಗಳು ಇನ್ನೂ ನಮ್ಮ ಅಂಗಳದಲ್ಲೇ ಇವೆ. ಮುಂದಿನ ಸರ್ವಿಸಿಗೆ ಮೊದಲು ಸೀಟಿನ ಅಡಿಯ ಪುಸ್ತಕ ತೆಗೆದು ನಿಮ್ಮ ಗಾಡಿಯದ್ದು ಜಾಲರಿಯಾ, ಬಟ್ಟಲಾ, ಕಾಗದವಾ ಅಂತ ಒಮ್ಮೆ ನೋಡಿಬಿಡಿ. ಗೊತ್ತಾದದ್ದನ್ನು ಆಚೆಮನೆಯ ಅಕ್ಕನಿಗೂ ಹೇಳಿ.